ಎಸ್‌ಟಿಪಿ ಅಪ್‌ಗ್ರೇಡ್, ಸಾರಜನಕ, ರಂಜಕ: ಶಿವಮೊಗ್ಗದೋರು ಪದೇ ಪದೇ ಕೇಳೋ ಪ್ರಶ್ನೆಗಳು

ಒಳಚರಂಡಿ ನೀರಿನ ಕೆಲಸ ಮಾಡೋನು ಅಂತ ಗೊತ್ತಾದ್ರೆ ಸಾಕು, ಬೀದಿಯೋರು, ನೆಂಟರು, ಮದುವೆ ಮನೇಲಿ ಪಕ್ಕದಲ್ಲಿ ಕೂತೋರು ಎಲ್ಲ ಹೆಚ್ಚುಕಮ್ಮಿ ಇದೇ ಪ್ರಶ್ನೆಗಳನ್ನ ಕೇಳ್ತಾರೆ, ಅದಕ್ಕೇ ಒಂದೇ ಕಡೆ ಬರೆದಿಟ್ಟಿದ್ದೀನಿ. ಇದು ಯಾವುದೋ ಒಂದು ಟೆಂಡರ್ ಬಗ್ಗೆ ಅಲ್ಲ. ನಮ್ಮಂಥ ಮಳೆ ಊರಲ್ಲಿ, ಹೊಳೆ ದಂಡೇಲಿರೋ ಎಸ್‌ಟಿಪಿಯಿಂದ, ಅಂದ್ರೆ ಕೊಳಚೆ ನೀರು ಶುದ್ಧ ಮಾಡೋ ಪ್ಲಾಂಟಿಂದ, ಇನ್ನೂ ಒಳ್ಳೇ ನೀರು ತೆಗೆಯೋದು ಹೇಗೆ ಅನ್ನೋದ್ರ ಬಗ್ಗೆ.

ಪ್ಲಾಂಟಿಂದ ಆಚೆ ಬರೋ ನೀರು ತಿಳಿಯಾಗೇ ಇರುತ್ತಲ್ರೀ, ಅದ್ರಲ್ಲಿ ಇನ್ನೇನು ತೆಗೀಬೇಕು?

ತಿಳಿಯಾಗಿದೆ ಅಂದ್ರೆ ತೇಲೋ ಕಸ, ಮಡ್ಡಿ, ಕೊಳೆಯೋ ಪದಾರ್ಥ ಹೋಗಿದೆ ಅಂತ ಅಷ್ಟೆ. ನಮ್ಮ ಕಡೆ ಹಳೇ ಪ್ಲಾಂಟ್‌ಗಳನ್ನ ಕಟ್ಟಿದ್ದೇ ಬಿಓಡಿ ಇಳಿಸೋಕೆ, ಅಂದ್ರೆ ಆ ಕೊಳೆ ಹೊಳೆಗೆ ಹೋಗಿ ಅಲ್ಲಿನ ಆಕ್ಸಿಜನ್ ತಿನ್ನಬಾರ್ದು ಅಂತ. ಸಾರಜನಕ, ರಂಜಕ ಎರಡೂ ನೀರಲ್ಲಿ ಕರಗಿರ್ತವೆ, ಕಣ್ಣಿಗೆ ಕಾಣಲ್ಲ, ಜಾಲರಿಗೆ ಸಿಗಲ್ಲ, ತಳಕ್ಕೂ ಕೂರಲ್ಲ. ಮಾಮೂಲಿ ಪ್ಲಾಂಟಲ್ಲಿ ಬ್ಯಾಕ್ಟೀರಿಯಾ ಬೆಳೆಯೋವಾಗ ತಮ್ಮ ಮೈಗೆ ಬೇಕಾದಷ್ಟು ತಗೊಳ್ತವೆ, ಸುಮಾರು ಕಾಲು ಭಾಗ ಹಾಗೆ ಹೋಗುತ್ತೆ, ಮಿಕ್ಕಿದ್ದು ತಿಳಿ ನೀರಿನ ಜೊತೆಗೇ ಸೀದಾ ತುಂಗೆಗೆ.

ಎಷ್ಟಿರುತ್ತೆ ಅದು? ಸ್ವಲ್ಪ ತಾನೆ?

ಲೀಟರಿಗೆ ಅಂತ ನೋಡಿದ್ರೆ ಸ್ವಲ್ಪನೇ. ಊರಿಗೆ ಅಂತ ಲೆಕ್ಕ ಹಾಕಿ ನೋಡಿ. 2011ರ ಜನಗಣತೀಲಿ ಶಿವಮೊಗ್ಗ ಸಿಟಿ ಜನ 3 ಲಕ್ಷ 22 ಸಾವಿರದ ಹತ್ತಿರ. ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು, ಅದ್ರಲ್ಲಿ 80 ಪರ್ಸೆಂಟ್ ಚರಂಡಿಗೆ ಅಂತ ಇಂಜಿನಿಯರ್‌ಗಳು ಹಿಡಿಯೋ ಲೆಕ್ಕ ಹಿಡಿದ್ರೆ ದಿನಕ್ಕೆ ಸುಮಾರು 35 ಎಂಎಲ್‌ಡಿ, ಅಂದ್ರೆ ಮೂರೂವರೆ ಕೋಟಿ ಲೀಟರ್ ಕೊಳಚೆ ನೀರು. ಮನೆ ಕೊಳಚೇಲಿ ಲೀಟರಿಗೆ 40 ಮಿಲಿಗ್ರಾಂ ಸಾರಜನಕ, 5 ಮಿಲಿಗ್ರಾಂ ರಂಜಕ ಅಂತ ಇಟ್ಕೊಳ್ಳಿ, ಮಾಮೂಲಾಗಿ ಇರೋದೇ ಅಷ್ಟು. ದಿನಕ್ಕೆ 1,400 ಕೆಜಿ ಸಾರಜನಕ ಆಯ್ತು. ಯೂರಿಯಾದಲ್ಲಿ ಸಾರಜನಕ 46 ಪರ್ಸೆಂಟ್, ಮೂಟೆ 45 ಕೆಜಿ, ಅಂದ್ರೆ ದಿನಾ ಬೆಳಗಾದ್ರೆ 67 ಮೂಟೆ ಯೂರಿಯಾ. ರಂಜಕ 175 ಕೆಜಿ, ಅದು ಡಿಎಪಿ ಲೆಕ್ಕದಲ್ಲಿ 17 ಮೂಟೆ. ಇದು ಯಾವ ಪ್ಲಾಂಟಿನ ಅಳತೆನೂ ಅಲ್ಲ, ಕೈಲೆಕ್ಕ, ಜನ 2011ರಿಂದ ಈಚೆಗೆ ಜಾಸ್ತಿನೇ ಆಗಿದ್ದಾರೆ. ಸೊಸೈಟೀಲಿ ಗೊಬ್ಬರಕ್ಕೆ ಕ್ಯೂ ನಿಂತೋರಿಗೆ ಈ ಲೆಕ್ಕ ಹೇಳಿದ್ರೆ ಹೊಟ್ಟೆ ಉರಿಯುತ್ತೆ.

ಗೊಬ್ಬರ ಅಂದ್ಮೇಲೆ ಹೊಳೆಗೆ ಸೇರಿದ್ರೆ ಏನ್ ಕೆಟ್ಟೋಗುತ್ತೆ?

ತೋಟದಲ್ಲಿ ಅಡಿಕೆ ಬೆಳೆಯುತ್ತೆ, ಹೊಳೇಲಿ ಪಾಚಿ, ಅಂತರಗಂಗೆ ಬೆಳೆಯುತ್ತೆ. ಒಂದು ಗ್ರಾಂ ರಂಜಕ ಸಿಕ್ರೆ ಒಣ ತೂಕದಲ್ಲೇ ನೂರು ಗ್ರಾಂ ಪಾಚಿ ಬೆಳೆಯೋಕೆ ಸಾಕು. ಪಾಚಿ ಹಗಲಲ್ಲಿ ಆಕ್ಸಿಜನ್ ಬಿಡುತ್ತೆ, ರಾತ್ರಿ ಅದೇ ಎಳ್ಕೊಳ್ಳುತ್ತೆ, ಹಾಗಾಗಿ ಮೀನು ಸಾಯೋದು ಬೆಳಗಿನ ಜಾವ, ನಾವು ವಾಕಿಂಗ್ ಹೋದಾಗ ತೇಲ್ತಾ ಇರ್ತವೆ, ಯಾರೋ ವಿಷ ಹಾಕಿದ್ರು ಅಂತ ಗಲಾಟೆ ಆಗುತ್ತೆ. ವಿಷಾನೂ ಇರ್ಬಹುದು, ಇಲ್ಲ ಅನ್ನಲ್ಲ, ಆದ್ರೆ ಆಕ್ಸಿಜನ್ ಅಳೆದು ನೋಡದೆ ಹೇಳೋಕಾಗಲ್ಲ.

ಕೊಳಚೇಲಿ ಸಾರಜನಕ ಹೆಚ್ಚಾಗಿ ಅಮೋನಿಯಾ ರೂಪದಲ್ಲಿರುತ್ತೆ, ಅದ್ರದ್ದು ಬೇರೆನೇ ಕಥೆ, ಅದು ನೇರವಾಗಿ ಮೀನಿನ ಕಿವಿರು ಸುಡುತ್ತೆ. ಪಾಚಿ ಜಾಸ್ತಿ ಆಗಿ ಮಧ್ಯಾಹ್ನ ನೀರಿನ ಪಿಎಚ್ ಏರಿದಷ್ಟೂ ಅಮೋನಿಯಾ ಇನ್ನೂ ಉಗ್ರ ಆಗುತ್ತೆ, ಎರಡೂ ಸೇರಿ ಕೆಲಸ ಕೆಡಿಸ್ತವೆ. ಶೃಂಗೇರಿ ಮಠದ ಮುಂದೆ, ತೀರ್ಥಹಳ್ಳಿ ಕಡೆ ಚಿಪ್ಪಲಗುಡ್ಡೇಲಿ ದೊಡ್ಡ ದೊಡ್ಡ ಮೀನು ನೋಡಿ ಖುಷಿ ಪಡ್ತೀವಲ್ಲ, ಅಂಥ ಮೀನು ಪಟ್ಟಣ ದಾಟಿದ ಮೇಲಿನ ತುಂಗೇಲೂ ಇರ್ಬೇಕು ಅಂದ್ರೆ ಮೊದಲು ಇಳೀಬೇಕಾದ್ದು ಅಮೋನಿಯಾ.

ಕುಡಿಯೋ ನೀರಿಗೂ ಕಾಟ ಇದೆ. ಕೂಡ್ಲೀಲಿ ತುಂಗೆ ಭದ್ರೆ ಸೇರ್ತವೆ, ನಮ್ಮ ಕೊಳಚೆ, ಭದ್ರಾವತಿ ಕೊಳಚೆ ಎರಡೂ ಅಲ್ಲಿ ಭೇಟಿ. ಅಲ್ಲಿಂದ ಕೆಳಗೆ ಹೊನ್ನಾಳಿ, ಹರಿಹರ, ಹೀಗೆ ಒಂದೊಂದೂರು ಅದೇ ನೀರು ಎತ್ತಿ ಕುಡಿಯುತ್ತೆ. ನೀರಲ್ಲಿ ಅಮೋನಿಯಾ ಇದ್ರೆ ಹಾಕಿದ ಕ್ಲೋರಿನ್ ಎಲ್ಲ ಅದೇ ನುಂಗುತ್ತೆ, ಒಂದು ಭಾಗ ಅಮೋನಿಯಾ ಸಾರಜನಕಕ್ಕೆ ಎಂಟು ಹತ್ತು ಭಾಗ ಕ್ಲೋರಿನ್ ಖರ್ಚಾದ್ಮೇಲೆ ಕ್ರಿಮಿ ಕೊಲ್ಲೋಕೆ ಮಿಕ್ಕೋದು. ನಮ್ಮ ಪ್ಲಾಂಟ್ ಉಳಿಸಿದ ಖರ್ಚು ಕೆಳಗಿನ ಊರಿನ ನೀರಿನ ಬಿಲ್ಲಿಗೆ ಹೋಗಿ ಕೂರುತ್ತೆ.

ಮಳೆಗಾಲದಲ್ಲಿ ಎಲ್ಲ ಕೊಚ್ಕೊಂಡು ಹೋಗುತ್ತಲ್ವಾ?

ಕೋರ್ಪಲಯ್ಯನ ಛತ್ರದ ಹತ್ರ ಮಂಟಪ ಮುಳುಗೋ ದಿನಗಳಲ್ಲಿ ಹೌದು, ನಮ್ಮ 35 ಎಂಎಲ್‌ಡಿ ಆ ನೀರಲ್ಲಿ ಲೆಕ್ಕಕ್ಕೇ ಇಲ್ಲ. ಕೊಚ್ಕೊಂಡು ಹೋಗಿದ್ದು ಹೊಸಪೇಟೆ ಡ್ಯಾಮ್ ಕಡೆಗೇ ಹೋಗೋದು ಅನ್ನೋದು ಬೇರೆ ಮಾತು. ಕಷ್ಟ ಇರೋದು ಫೆಬ್ರವರಿಯಿಂದ ಮೇ ತನಕ. ಗಾಜನೂರಿಂದ ಕೆಳಗೆ ನೀರು ಸಣ್ಣಗಾಗಿ, ಬಂಡೆ ಮೇಲೆದ್ದು, ಅಲ್ಲಲ್ಲಿ ಮಡು ನಿಲ್ಲುತ್ತಲ್ಲ, ಆಗ ಹೊಳೇಲಿ ಹೊಳೆ ನೀರೆಷ್ಟು ನಮ್ಮ ನೀರೆಷ್ಟು ಅಂತ ಕೇಳ್ಕೋಬೇಕು. ಅಪ್‌ಗ್ರೇಡ್ ಡಿಸೈನ್ ಮಾಡೋರು ವರ್ಷದ ಸರಾಸರಿ ಹಿಡ್ಕೊಂಡು ಕೂತ್ರೆ ಈ ನಾಲ್ಕು ತಿಂಗಳು ಮಾಯ ಆಗಿಬಿಡುತ್ತೆ.

ಸರಿ, ಕರಗಿರೋ ಸಾರಜನಕನ ತೆಗೆಯೋದು ಹೇಗೆ? ಫಿಲ್ಟರಾ?

ಫಿಲ್ಟರ್ ಅಲ್ಲ, ಬ್ಯಾಕ್ಟೀರಿಯಾನೇ. ಎರಡು ಗುಂಪು, ಎರಡಕ್ಕೂ ಉಲ್ಟಾ ಸ್ವಭಾವ.

ಮೂತ್ರದಲ್ಲಿರೋ ಯೂರಿಯಾ ಪ್ಲಾಂಟ್ ಮುಟ್ಟೋ ಹೊತ್ತಿಗೆ ಪೈಪಲ್ಲೇ ಅಮೋನಿಯಾ ಆಗಿರುತ್ತೆ. ಮೊದಲನೇ ಗುಂಪು ಈ ಅಮೋನಿಯಾನ ನೈಟ್ರೇಟ್ ಮಾಡುತ್ತೆ. ಇವಕ್ಕೆ ಗಾಳಿ ಬೇಕೇ ಬೇಕು, ಟ್ಯಾಂಕಲ್ಲಿ ಆಕ್ಸಿಜನ್ ಲೀಟರಿಗೆ 2 ಮಿಲಿಗ್ರಾಂ ಹತ್ರ ಇರ್ಬೇಕು, ಒಂದು ಕೆಜಿ ಅಮೋನಿಯಾ ಸಾರಜನಕಕ್ಕೆ ನಾಲ್ಕೂವರೆ ಕೆಜಿ ಆಕ್ಸಿಜನ್. ನಿಧಾನ ಬೆಳೆಯೋ ಪೈಕಿ ಬೇರೆ, ಹೂಳನ್ನ (ಬ್ಯಾಕ್ಟೀರಿಯಾ ತುಂಬಿರೋ ಮಡ್ಡಿ) ಬೇಗ ಬೇಗ ಹೊರಗೆ ಹಾಕಿದ್ರೆ ಇವೂ ಜೊತೆಗೇ ಹೋಗಿಬಿಡ್ತವೆ. ಅದಕ್ಕೆ ಟ್ಯಾಂಕಲ್ಲಿ ಹೂಳಿನ ವಯಸ್ಸು ಹತ್ತು ಹದಿನೈದು ದಿನ ಇರೋ ಥರ ನೋಡ್ಕೋತಾರೆ. ಒಂದು ವಿಷಯದಲ್ಲಿ ನಾವು ಪುಣ್ಯವಂತರು, ಯೂರೋಪಿನ ಥರ ಚಳೀಲಿ ಈ ಬ್ಯಾಕ್ಟೀರಿಯಾ ಮಂಕಾಗೋ ತೊಂದ್ರೆ ನಮಗಿಲ್ಲ.

ಎರಡನೇ ಗುಂಪಿಗೆ ಕರಗಿದ ಆಕ್ಸಿಜನ್ ಇರಲೇಬಾರ್ದು. ಉಸಿರಾಡೋಕೆ ಆಕ್ಸಿಜನ್ ಸಿಗದೆ ಇದ್ದಾಗ ಇವು ನೈಟ್ರೇಟಲ್ಲಿರೋ ಆಕ್ಸಿಜನ್ ಕಿತ್ಕೋತವೆ, ಮಿಕ್ಕಿದ ಸಾರಜನಕ ಗ್ಯಾಸ್ ಆಗಿ ಗುಳ್ಳೆ ಗುಳ್ಳೆಯಾಗಿ ಗಾಳಿಗೆ ಹೋಗುತ್ತೆ. ಗಾಳೀಲಿ ಮೊದಲೇ 78 ಪರ್ಸೆಂಟ್ ಸಾರಜನಕ ಇರೋದ್ರಿಂದ ಹೆದರೋ ಹಾಗಿಲ್ಲ. ಆದ್ರೆ ಇವಕ್ಕೆ ತಿನ್ನೋಕೆ ಕೊಳೆ ಬೇಕು, ಹಸಿ ಕೊಳಚೆ ನೀರಲ್ಲಿರೋ ಅದೇ ಕೊಳೆ. ಅದಕ್ಕೇ ಗಾಳಿ ಇಲ್ಲದ ಟ್ಯಾಂಕನ್ನ ಮುಂದೆ ಇಟ್ಟು, ಹಸಿ ಕೊಳಚೆ ಅಲ್ಲಿಗೆ ಬಿಟ್ಟು, ಹಿಂದಿನ ಗಾಳಿ ಟ್ಯಾಂಕಿಂದ ನೈಟ್ರೇಟ್ ನೀರನ್ನ ಒಳಬರೋ ನೀರಿನ ಎರಡು ಮೂರು ಪಟ್ಟು ಪಂಪ್ ಮಾಡಿ ವಾಪಸ್ ಮುಂದಕ್ಕೆ ತರ್ತಾರೆ. ನೀರು ಸುತ್ತು ಹೊಡೀತಾನೇ ಇರ್ಬೇಕು.

ಈ ಎರಡನೇ ಹೆಜ್ಜೆ ಬಿಟ್ಟು ಬರೀ ಗಾಳಿ ಜಾಸ್ತಿ ಮಾಡಿದ್ರೆ ಏನಾಗುತ್ತೆ ಅನ್ನೋದನ್ನ ಕ್ಲಾರಿಫೈಯರ್ (ಹೂಳು ತಳಕ್ಕೆ ಕೂರಿಸೋ ಟ್ಯಾಂಕ್) ಮುಂದೆ ನಿಂತ್ರೆ ಕಣ್ಣಾರೆ ನೋಡ್ಬಹುದು. ಮೇಲೆ ತಿಳಿ ನೀರು, ತಳದಲ್ಲಿ ಹೂಳು ಕೂತಿರುತ್ತೆ, ಸ್ವಲ್ಪ ಹೊತ್ತಿಗೆ ಅಂಗೈ ಅಗಲದ ಕಂದು ಹೂಳಿನ ಚೂರು ಒಂದೊಂದೇ ಮೇಲೆದ್ದು ಬರುತ್ತೆ, ಕಡ್ಡೀಲಿ ಮುಟ್ಟಿದ್ರೆ ಸಣ್ಣ ಗುಳ್ಳೆ ಬಿಟ್ಟು ವಾಪಸ್ ಮುಳುಗುತ್ತೆ. ನೈಟ್ರೇಟ್ ಅಲ್ಲಿಗೆ ಬಂದು, ಗಾಳಿ ಮುಗಿದು, ಎರಡನೇ ಗುಂಪು ತನ್ನ ಕೆಲಸನ ಬೇಡದ ಜಾಗದಲ್ಲಿ ಶುರು ಮಾಡಿದೆ ಅಂತ ಅರ್ಥ. ಆಪರೇಟರ್ ಹೂಳು ಕೆಟ್ಟೋಯ್ತು ಅಂತ ಗಾಬರಿಯಾಗಿ ಎಲ್ಲ ಹೊರಗೆ ಹಾಕಿಸಿಬಿಟ್ರೆ ತಿಂಗಳುಗಟ್ಟಲೆ ಬೆಳೆಸಿದ ಬ್ಯಾಕ್ಟೀರಿಯಾ ಹೋಯ್ತು.

ರಂಜಕ?

ಅದು ಗ್ಯಾಸ್ ಆಗಲ್ಲ, ಹಾಗಾಗಿ ಗಾಳಿಗೆ ಬಿಡೋ ದಾರಿ ಇಲ್ಲ, ಹೂಳಲ್ಲಿ ಸೇರಿಸಿ ಹೊರಗೆ ಹಾಕ್ಲೇಬೇಕು. ಒಂದು ದಾರಿ ಕೆಮಿಕಲ್: ಆಲಂ ಅಥವಾ ಫೆರಿಕ್ ಕ್ಲೋರೈಡ್ ಹಾಕಿದ್ರೆ ರಂಜಕ ಅದಕ್ಕೆ ಅಂಟಿ ತಳ ಸೇರುತ್ತೆ. ಸುಲಭ, ನಂಬಿಕಸ್ತ, ಆದ್ರೆ ದಿನಾ ದುಡ್ಡು, ಹೂಳೂ ಜಾಸ್ತಿ. ಇನ್ನೊಂದು ದಾರಿ ಕೆಲವು ಬ್ಯಾಕ್ಟೀರಿಯಾನ ಮೊದಲು ಗಾಳಿಯೂ ನೈಟ್ರೇಟೂ ಇಲ್ಲದ ಟ್ಯಾಂಕಲ್ಲಿ ಉಸಿರು ಕಟ್ಟಿಸಿ, ಆಮೇಲೆ ಗಾಳಿಗೆ ತರೋದು, ಆಗ ಅವು ಬೇಕಾದ್ದಕ್ಕಿಂತ ಜಾಸ್ತಿ ರಂಜಕ ಮೈಯಲ್ಲಿ ತುಂಬ್ಕೋತವೆ. ಆ ಹೂಳನ್ನ ಕೊಳೆಯೋಕೆ ಬಿಟ್ರೆ ಇಟ್ಕೊಂಡಿದ್ದೆಲ್ಲ ವಾಪಸ್ ನೀರಿಗೆ ಕಕ್ತವೆ, ಹಾಗಾಗಿ ಬೇಗ ಹಿಂಡಿ ಒಣಗಿಸ್ಬೇಕು. ಮಲೆನಾಡ ಜೂನ್ ಜುಲೈನಲ್ಲಿ ಬಯಲಲ್ಲಿ ಹಾಸಿ ಹೂಳು ಒಣಗಿಸ್ತೀವಿ ಅನ್ನೋದು ಕಾಗದದ ಮೇಲಿನ ಮಾತು. ಪ್ರೆಸ್ ಅಥವಾ ಸೆಂಟ್ರಿಫ್ಯೂಜ್ ಇರ್ಲೇಬೇಕು.

ಹಳೇ ಪ್ಲಾಂಟ್ ಒಡೆದು ಹೊಸದೇ ಕಟ್ಬೇಕಾ? ಕೋಟಿಗಟ್ಟಲೆ ಅಂತಾರೆ.

ಎಲ್ಲ ಸಲ ಬೇಕಿಲ್ಲ. ಗಾಳಿ ಟ್ಯಾಂಕ್, ಕ್ಲಾರಿಫೈಯರ್ ಇರೋ ಪ್ಲಾಂಟಲ್ಲಿ, ಇನ್ನೂ ಪೂರ್ತಿ ಲೋಡ್ ಬರ್ತಿಲ್ಲ ಅಂದ್ರೆ, ಟ್ಯಾಂಕಿನ ಮುಂಭಾಗಕ್ಕೆ ಅಡ್ಡಗೋಡೆ ಹಾಕಿ, ಅಲ್ಲಿ ಗಾಳಿ ನಿಲ್ಲಿಸಿ, ಬರೀ ಕಲಕೋ ಮಿಕ್ಸರ್ ಕೂರಿಸಿ, ಒಂದು ರೀಸೈಕಲ್ ಪಂಪ್ ಹಾಕಿದ್ರೆ ಅರ್ಧ ಕೆಲಸ ಆದಂಗೆ. ಎಸ್‌ಬಿಆರ್ ಆಗಿದ್ರೆ ಇನ್ನೂ ಸಲೀಸು, ಅದ್ರಲ್ಲಿ ಒಂದೇ ಟ್ಯಾಂಕಲ್ಲಿ ಸರದಿ ಪ್ರಕಾರ ತುಂಬೋದು, ಗಾಳಿ ಕೊಡೋದು, ಕೂರಿಸೋದು, ತೆಗೆಯೋದು ನಡೆಯುತ್ತೆ, ಟೈಮಿಂಗ್ ಬದಲಾಯಿಸಿ ಗಾಳಿ ಇಲ್ಲದ ಹೊತ್ತು ಸೇರಿಸೋದೇ ದೊಡ್ಡ ಕೆಲಸ. ಜಾಗ ಸಾಲದಿದ್ರೆ ಸಣ್ಣ ಪ್ಲಾಸ್ಟಿಕ್ ಚಕ್ರಗಳನ್ನ ಟ್ಯಾಂಕಿಗೆ ಸುರಿದು ಅದರ ಮೈಮೇಲೆ ಬ್ಯಾಕ್ಟೀರಿಯಾ ಬೆಳೆಸೋ ಎಂಬಿಬಿಆರ್ ಇದೆ. ಬರೀ ಹೊಂಡಗಳಿರೋ ಪ್ಲಾಂಟ್ ಅಥವಾ ಯುಎಎಸ್‌ಬಿ (ಗಾಳಿ ಇಲ್ಲದೆ ಕೊಳೆ ಕರಗಿಸೋ ಟ್ಯಾಂಕ್) ಆದ್ರೆ ಮಾತ್ರ ಜಾಸ್ತಿ ಕಟ್ಬೇಕಾಗುತ್ತೆ, ಯುಎಎಸ್‌ಬಿ ಕೊಳೆನೆಲ್ಲ ಮೊದಲೇ ತಿಂದುಹಾಕಿ ಅಮೋನಿಯಾ ಮಾತ್ರ ಮುಂದಕ್ಕೆ ಕಳಿಸುತ್ತೆ, ಆಮೇಲೆ ನೈಟ್ರೇಟ್ ತೆಗೆಯೋ ಬ್ಯಾಕ್ಟೀರಿಯಾಗೆ ಊಟನೇ ಇರಲ್ಲ.

ನನ್ನ ಅಭಿಪ್ರಾಯ ಕೇಳಿದ್ರೆ, ಇರೋ ಪ್ಲಾಂಟನ್ನ ಮೊದಲು ಆರು ತಿಂಗಳು ಸರಿಯಾಗಿ ಅಳೀರಿ, ನೀರಲ್ಲಿ ಕರಗಿದ ಆಕ್ಸಿಜನ್ ಅಳೆಯೋ ಡಿಓ ಮೀಟರ್ ಕೆಲಸ ಮಾಡೋ ಹಾಗೆ ಇಡಿ, ಆಮೇಲೆ ಟೆಂಡರ್ ಕರೀರಿ. ಮೀಟರ್ ಕೆಟ್ಟು ಧೂಳು ಹಿಡಿದಿರೋ ಪ್ಲಾಂಟಿಗೆ ಕೋಟಿ ರೂಪಾಯಿ ಮಷಿನ್ ತಂದಿಟ್ರೂ ಅದೂ ಧೂಳೇ ಹಿಡಿಯೋದು.

ನಮ್ಮ ನೀರು ಮೆದು ನೀರು, ಅದಕ್ಕೂ ಇದಕ್ಕೂ ಸಂಬಂಧ ಇದ್ಯಾ?

ಒಳ್ಳೇ ಪ್ರಶ್ನೆ, ಬೇರೆ ಕಡೆಯಿಂದ ಕಾಪಿ ಹೊಡೆದ ಡಿಸೈನಲ್ಲಿ ಇದು ತಪ್ಪಿಹೋಗುತ್ತೆ. ಒಂದು ಮಿಲಿಗ್ರಾಂ ಅಮೋನಿಯಾ ಸಾರಜನಕ ನೈಟ್ರೇಟ್ ಆಗೋವಾಗ ನೀರಿನ ಕ್ಷಾರದ ಅಂಶ 7 ಮಿಲಿಗ್ರಾಂಗಿಂತ ಸ್ವಲ್ಪ ಜಾಸ್ತಿನೇ ಖರ್ಚಾಗುತ್ತೆ. 35 ಮಿಲಿಗ್ರಾಂ ತೆಗೀಬೇಕಂದ್ರೆ 250. ಬಯಲುಸೀಮೆ ಬೋರ್‌ವೆಲ್ ನೀರಿನ ಊರಲ್ಲಿ ಅದು ಧಾರಾಳ ಇರುತ್ತೆ. ಘಟ್ಟದ ಮಳೆ ನೀರಿನ ಹೊಳೇಲಿ ಸುಣ್ಣದ ಅಂಶ ಕಡಿಮೆ, ನಾವು ಕುಡಿಯೋದು ಅದೇ ನೀರು, ಚರಂಡಿಗೆ ಬಿಡೋದೂ ಅದೇ. ಕ್ಷಾರ ಮುಗಿದ್ರೆ ಪಿಎಚ್ ಬೀಳುತ್ತೆ, ಬ್ಯಾಕ್ಟೀರಿಯಾ ಕೆಲಸ ನಿಲ್ಲಿಸುತ್ತೆ, ಗಾಳಿ ಊದೋ ಬ್ಲೋವರ್ ಮಾತ್ರ ಸುಮ್ಮನೆ ತಿರುಗ್ತಿರುತ್ತೆ. ಗಾಳಿ ಇಲ್ಲದ ಟ್ಯಾಂಕ್ ಇದ್ರೆ ಖರ್ಚಾದ ಕ್ಷಾರದಲ್ಲಿ ಅರ್ಧ ವಾಪಸ್ ಸಿಗುತ್ತೆ, ಮಿಕ್ಕಿದ್ದಕ್ಕೆ ಬೇಕಾದ್ರೆ ಸುಣ್ಣ ಹಾಕ್ಬೇಕು. ಆಲಂ, ಫೆರಿಕ್ ಕ್ಲೋರೈಡ್ ಕೂಡ ಕ್ಷಾರ ತಿನ್ನೋ ಪೈಕಿನೇ, ಅದನ್ನೂ ಲೆಕ್ಕಕ್ಕೆ ತಗೋಬೇಕು.

ಮನೆ ತಾರಸಿ ನೀರು ಯುಜಿಡಿಗೆ (ಒಳಚರಂಡಿಗೆ) ಬಿಟ್ರೆ ಪ್ಲಾಂಟಿಗೇನು, ನೀರು ತೆಳ್ಳಗಾದ್ರೆ ಒಳ್ಳೇದಲ್ವಾ?

ಇಲ್ಲ ಮಾರಾಯ್ರೆ, ನಮ್ಮೂರಿನ ನಿಜವಾದ ರೋಗನೇ ಇದು. ಸಾವಿರ ಚದರಡಿ ತಾರಸಿ ಮೇಲೆ ಒಂದು ದಿನ 50 ಮಿಲಿಮೀಟರ್ ಮಳೆ ಬಿತ್ತು ಅನ್ಕೊಳ್ಳಿ, 4,600 ಲೀಟರ್ ನೀರು. ಐದು ಜನರ ಮನೆಯ ಕೊಳಚೆ ದಿನಕ್ಕೆ 540 ಲೀಟರ್. ಅಂದ್ರೆ ಎಂಟೊಂಬತ್ತು ದಿನದ ಕೊಳಚೆಯಷ್ಟು ನೀರು ಒಂದೇ ದಿನ ಒಂದೇ ಮನೆಯಿಂದ ಪೈಪಿಗೆ. ತೀರ್ಥಹಳ್ಳಿ, ಆಗುಂಬೆ ಕಡೆಯ ಮಳೆ ಲೆಕ್ಕ ನಾನು ಹಾಕೋಕೂ ಹೋಗಲ್ಲ. ಇದ್ರ ಜೊತೆಗೆ ರಸ್ತೇಲಿ ನೀರು ನಿಂತಾಗ ಯಾರೋ ಪುಣ್ಯಾತ್ಮರು ಮ್ಯಾನ್‌ಹೋಲ್ ಮುಚ್ಚಳ ಎತ್ತಿ ಬಿಡ್ತಾರೆ, ರಸ್ತೆ ಖಾಲಿ ಆಗುತ್ತೆ, ತಗ್ಗಿನ ಬೀದಿಯೋರ ಟಾಯ್ಲೆಟ್ಟಲ್ಲಿ ಉಕ್ಕುತ್ತೆ.

ಪ್ಲಾಂಟಲ್ಲಿ ಏನಾಗುತ್ತೆ ಅಂದ್ರೆ, ಅಷ್ಟು ನೀರು ಒಟ್ಟಿಗೆ ನುಗ್ಗಿದಾಗ ಕ್ಲಾರಿಫೈಯರಲ್ಲಿ ಹೂಳು ಕೂರೋಕೆ ಟೈಮೇ ಸಿಗಲ್ಲ, ಹೊಸ್ತಿಲು ದಾಟಿ ಹೊಳೆಗೆ ಹೋಗುತ್ತೆ. ಆ ಹೂಳಲ್ಲೇ ಇದ್ದಿದ್ದು ನಿಧಾನ ಬೆಳೆಯೋ ಬ್ಯಾಕ್ಟೀರಿಯಾ, ಅದ್ರಲ್ಲೇ ಇದ್ದಿದ್ದು ಹಿಡಿದಿಟ್ಟ ರಂಜಕ. ಮಳೆ ನೀರಿನ ಜೊತೆ ಕರಗಿದ ಆಕ್ಸಿಜನ್ ಬೇರೆ ಬರುತ್ತೆ, ಗಾಳಿ ಇರಬಾರದ ಟ್ಯಾಂಕಿಗೆ ಗಾಳಿ ಹೋದಂಗೆ. ಕೊಳೆ ತೆಳ್ಳಗಾಗಿ ಬ್ಯಾಕ್ಟೀರಿಯಾಗೆ ಊಟ ಸಾಲಲ್ಲ, ಕ್ಷಾರನೂ ತೆಳ್ಳಗಾಗುತ್ತೆ. ಇಷ್ಟೆಲ್ಲ ಒಂದೇ ಮಳೆಗೆ. ಅದಕ್ಕೇ ನಾನು ಹೇಳೋದು, ಅಪ್‌ಗ್ರೇಡ್ ದುಡ್ಡಲ್ಲಿ ಮೊದಲ ಪಾಲು ಪೈಪಿಗೆ ಹೋಗ್ಲಿ: ತಾರಸಿ ಪೈಪ್ ಯುಜಿಡಿಗೆ ಜೋಡಿಸಿರೋ ಮನೆ ಹುಡುಕಿ ಬಿಡಿಸೋದು, ಒಡೆದ ಚೇಂಬರ್ ರಿಪೇರಿ, ಹೊಳೆ ದಂಡೆ ಮ್ಯಾನ್‌ಹೋಲ್ ಎತ್ತರಿಸೋದು. ಇದಕ್ಕೆ ಉದ್ಘಾಟನೆ ಮಾಡೋಕೆ ಕಲ್ಲು ಸಿಗಲ್ಲ, ಅದಕ್ಕೇ ಯಾರಿಗೂ ಉತ್ಸಾಹ ಇಲ್ಲ ಅನ್ಸುತ್ತೆ.

ಕಾನೂನು ಏನು ಹೇಳುತ್ತೆ?

ಕೇಂದ್ರ ಪರಿಸರ ಇಲಾಖೆ 2015ರಲ್ಲಿ ಹೊರಡಿಸಿದ, ಎಸ್‌ಟಿಪಿಯಿಂದ ಹೊರಬರೋ ನೀರಿನ ಮಿತಿಗಳ ಕರಡಲ್ಲಿ ಸಾರಜನಕಕ್ಕೂ ಮಿತಿ ಇತ್ತು, 2017ರ ಅಕ್ಟೋಬರ್‌ನಲ್ಲಿ ಅಂತಿಮ ಆದಾಗ ಅದು ಬಿಟ್ಟೋಯ್ತು, ಬಿಓಡಿ ಲೀಟರಿಗೆ ದೊಡ್ಡ ನಗರಗಳಲ್ಲಿ 20, ಮಿಕ್ಕ ಊರಲ್ಲಿ 30 ಮಿಲಿಗ್ರಾಂ ಅಂತ ಸಡಿಲ ಆಯ್ತು. ಹಸಿರು ನ್ಯಾಯಮಂಡಳಿ 2019ರ ಏಪ್ರಿಲ್ 30ರ ಆದೇಶದಲ್ಲಿ ಅದನ್ನ ಒಪ್ಪದೆ ಬಿಓಡಿ 10, ಒಟ್ಟು ಸಾರಜನಕ 10, ಕೆರೆಗೆ ಬಿಡೋದಾದ್ರೆ ರಂಜಕ 1 ಮಿಲಿಗ್ರಾಂ ಅಂತ ಬಿಗಿ ಮಾಡ್ತು. ನಮ್ಮ ಕೈಲೆಕ್ಕದಲ್ಲಿ 10 ಅಂದ್ರೆ 67 ಮೂಟೆ ಯೂರಿಯಾ 17 ಮೂಟೆಗೆ ಇಳಿಯುತ್ತೆ.

ಕರೆಂಟ್ ಬಿಲ್ ಏರುತ್ತಾ?

ಏರುತ್ತೆ. ಇಂಥ ಪ್ಲಾಂಟಲ್ಲಿ ಕರೆಂಟಿನ ಅರ್ಧಕ್ಕಿಂತ ಜಾಸ್ತಿ ಗಾಳಿ ಊದೋಕೇ ಹೋಗೋದು, ಅಮೋನಿಯಾ ತೆಗೀಬೇಕಂದ್ರೆ ಇನ್ನೂ ಊದ್ಬೇಕು. ಗಾಳಿ ಇಲ್ಲದ ಟ್ಯಾಂಕ್ ಇಟ್ರೆ ಹಾಗೆ ಖರ್ಚಾದ ಆಕ್ಸಿಜನ್ನಲ್ಲಿ 60 ಪರ್ಸೆಂಟ್‌ವರೆಗೂ ನೈಟ್ರೇಟ್ ರೂಪದಲ್ಲಿ ವಾಪಸ್ ಸಿಗುತ್ತೆ, ಕೊಳೆ ತಿನ್ನೋಕೆ ಅಷ್ಟು ಗಾಳಿ ಉಳಿದಂಗೆ. ಬ್ಲೋವರಿಗೆ ವಿಎಫ್‌ಡಿ (ಮೋಟರ್ ವೇಗ ಹೆಚ್ಚುಕಮ್ಮಿ ಮಾಡೋ ಸಾಧನ) ಹಾಕಿ ಆಕ್ಸಿಜನ್ ನೋಡ್ಕೊಂಡು ಓಡಿಸಿದ್ರೆ ಇನ್ನೂ ಉಳಿಯುತ್ತೆ, ರಾತ್ರಿ ಎರಡು ಗಂಟೇಲಿ ಊರು ಮಲಗಿದ್ದಾಗ ಬೆಳಗಿನ ಎಂಟು ಗಂಟೆಯಷ್ಟು ಗಾಳಿ ಯಾಕೆ ಬೇಕು? ಕರೆಂಟ್ ಹೋದಾಗ ಜನರೇಟರ್ ಇದ್ಯಾ, ಅದಕ್ಕೆ ಡೀಸೆಲ್ ಇದ್ಯಾ ಅನ್ನೋದೂ ಇದೇ ಪ್ರಶ್ನೆಯ ಬಾಲ.

ಅಡಿಕೆ ಚೊಗರು, ಸಕ್ಕಿಂಗ್ ಗಾಡಿ?

ಬೇಯಿಸಿದ ಅಡಿಕೆ ನೀರು ಸ್ವಲ್ಪ ಸ್ವಲ್ಪ ಬಂದ್ರೆ ಪ್ಲಾಂಟ್ ತಡ್ಕೊಳ್ಳುತ್ತೆ, ಸೀಸನ್ನಲ್ಲಿ ಒಂದೇ ಸಲ ಹಂಡೆಗಟ್ಟಲೆ ಚರಂಡಿಗೆ ಸುರಿದ್ರೆ ಅದ್ರಲ್ಲಿರೋ ಒಗರು ಪದಾರ್ಥ ಅಮೋನಿಯಾ ಬ್ಯಾಕ್ಟೀರಿಯಾನ ಮಂಕು ಮಾಡುತ್ತೆ, ನೀರಿನ ಬಣ್ಣನೂ ಹೋಗಲ್ಲ. ಸಕ್ಕಿಂಗ್ ಗಾಡಿ ಪಿಟ್ ಖಾಲಿ ಮಾಡಿ ತಂದಿದ್ದನ್ನ ಎಲ್ಲೋ ಮ್ಯಾನ್‌ಹೋಲಿಗೆ ಬಿಡೋದು ಇನ್ನೂ ಕೆಟ್ಟದ್ದು, ವರ್ಷಾನುಗಟ್ಟಲೆ ಕೊಳೆತ ಪಿಟ್ಟಿನ ನೀರಲ್ಲಿ ಅಮೋನಿಯಾ ಮಾಮೂಲಿ ಕೊಳಚೆಗಿಂತ ಎಷ್ಟೋ ಪಟ್ಟು. ಪ್ಲಾಂಟಲ್ಲೇ ಅದಕ್ಕೊಂದು ತೊಟ್ಟಿ ಕಟ್ಟಿ, ರಾತ್ರಿ ಹೊತ್ತು ಸ್ವಲ್ಪ ಸ್ವಲ್ಪ ಒಳಗೆ ಬಿಡೋ ವ್ಯವಸ್ಥೆ ಅಪ್‌ಗ್ರೇಡ್ ಪಟ್ಟೀಲಿ ಇರ್ಲೇಬೇಕು. ಯುಜಿಡಿ ಇಲ್ಲದ ಸಣ್ಣ ಊರುಗಳಿಗೆ ದೇವನಹಳ್ಳೀಲಿ ಇರೋ ಥರ ಪಿಟ್ ಹೂಳಿಗೇ ಅಂತ ಬೇರೆ ಘಟಕ ಆದ್ರೂ ಸರಿ.

ಆ ನೀರನ್ನ ತೋಟಕ್ಕೇ ಬಿಟ್ರೆ? ಸಾರಜನಕ ತೆಗೆಯೋ ಖರ್ಚೇ ಇಲ್ವಲ್ಲ.

ಬೇಸಿಗೆಗೆ ಇದು ಒಳ್ಳೇ ಯೋಚನೆ, ನಾನೂ ಇದರ ಪರ. ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಹೋಗ್ತಿರೋದು ಎಲ್ಲರಿಗೂ ಗೊತ್ತಿದೆ. ತೊಂದ್ರೆ ಏನಂದ್ರೆ ನಮ್ಮ ತೋಟಕ್ಕೆ ಜೂನಿಂದ ಸೆಪ್ಟೆಂಬರ್ ತನಕ ನೀರೇ ಬೇಡ, ಬಸಿಗಾಲುವೆ ತೆಗೆದು ನೀರು ಹೊರಗೆ ಹಾಕೋ ಕಾಲ ಅದು, ಊರಿನ ಜನ ಆಗ ಟಾಯ್ಲೆಟ್ಟಿಗೆ ಹೋಗೋದು ನಿಲ್ಸಲ್ಲ. ಅಳತೆ ಮೀರಿ ಬಿಟ್ರೆ ನೈಟ್ರೇಟ್ ಬಾವಿಗಿಳಿಯುತ್ತೆ, ಕುಡಿಯೋ ನೀರಲ್ಲಿ ಅದು ಲೀಟರಿಗೆ 45 ಮಿಲಿಗ್ರಾಂ ದಾಟಬಾರ್ದು, ಹಸುಗೂಸುಗಳ ರಕ್ತ ಆಕ್ಸಿಜನ್ ಒಯ್ಯೋಕಾಗದೆ ಮೈ ನೀಲಿಗಟ್ಟುತ್ತೆ. ಕ್ರಿಮಿ ಹೋಗಿದೆಯಾ ಅಂತ ಪರೀಕ್ಷೆ ಇಲ್ಲದೆ ಅಂತೂ ತೋಟದ ಕೆಲಸದೋರ ಕಾಲಿಗೆ ಆ ನೀರು ಬಿಡಬಾರ್ದು. ಹಾಗಾಗಿ ಸಾರಜನಕ ತೆಗೆಯೋದು, ಬೇಸಿಗೇಲಿ ತೋಟಕ್ಕೆ ಬಿಡೋದು ಎರಡೂ ಬೇಕು.

ಮನೇಲಿ ನಾವೇನು ಮಾಡ್ಬಹುದು?

ತಾರಸಿ ಪೈಪ್ ಬಿಡಿಸಿ. ಎಣ್ಣೆ, ಜಿಡ್ಡು ಸಿಂಕಿಗೆ ಸುರೀಬೇಡಿ. ಫಾಸ್ಫೇಟ್ ಅಂದ್ರೆ ರಂಜಕನೇ, ಅದಿಲ್ಲದ ಸೋಪಿನ ಪುಡಿ ಸಿಕ್ರೆ ತಗೊಳ್ಳಿ. ಉಳಿದಿದ್ದು ನಮ್ಮ ಕೈಲಿಲ್ಲ, ಕೊಳಚೆಯ ಸಾರಜನಕದಲ್ಲಿ ಸುಮಾರು 80 ಪರ್ಸೆಂಟ್ ಮೂತ್ರದ್ದು.

ಅಪ್‌ಗ್ರೇಡ್ ಆದ ತಕ್ಷಣ ನೀರು ಸರಿ ಹೋಗುತ್ತಾ?

ಸ್ವಿಚ್ ಹಾಕಿದ ಮಾರನೇ ದಿನ ಆಗಲ್ಲ. ಹೊಸ ಟ್ಯಾಂಕಲ್ಲಿ ಅಮೋನಿಯಾ ಬ್ಯಾಕ್ಟೀರಿಯಾ ತಾನೇ ನೆಲೆ ನಿಲ್ಲೋಕೆ ವಾರಗಳು ಬೇಕು. ಮೊಸರಿಗೆ ಹೆಪ್ಪು ಹಾಕ್ದಂಗೆ, ಚೆನ್ನಾಗಿ ಓಡ್ತಿರೋ ಬೇರೆ ಪ್ಲಾಂಟಿಂದ ಹೂಳು ಟ್ಯಾಂಕರಲ್ಲಿ ತಂದು ಹಾಕಿದ್ರೆ ಬೇಗ ಆಗುತ್ತೆ. ರಂಜಕದ ಬ್ಯಾಕ್ಟೀರಿಯಾ ಇನ್ನೂ ತಂಟೆ, ಮೊದಲ ಕೆಲವು ತಿಂಗಳು ಆಲಂ ಜೊತೆಗಿರ್ಲಿ. ಮಳೆಗಾಲ ಶುರು ಆಗೋವಾಗ ಚಾಲೂ ಮಾಡೋಕೆ ಹೋಗ್ಬಾರ್ದು, ನವೆಂಬರ್ ಡಿಸೆಂಬರ್ ಒಳ್ಳೇ ಕಾಲ.

ಪಾಲಿಕೇಲಿ ಏನಂತ ಕೇಳ್ಬೇಕು? ನಮಗೆ ಟೆಕ್ನಿಕಲ್ ಗೊತ್ತಾಗಲ್ಲ.

ಎಷ್ಟು ಎಂಎಲ್‌ಡಿ ಪ್ಲಾಂಟ್ ಅಂತ ಕೇಳ್ಬೇಡಿ, ಅದನ್ನ ಬೋರ್ಡಲ್ಲೇ ಬರೆದಿರ್ತಾರೆ. ದಿನಾ ಒಳಗೆ ಬರೋದು ಎಷ್ಟು, ಜುಲೈನಲ್ಲಿ ಎಷ್ಟು, ಏಪ್ರಿಲ್‌ನಲ್ಲಿ ಎಷ್ಟು ಅಂತ ಕೇಳಿ, ಆ ಎರಡರ ವ್ಯತ್ಯಾಸನೇ ಯುಜಿಡಿಗೆ ನುಗ್ಗೋ ಮಳೆ ನೀರು. ಹೊರಗೆ ಹೋಗೋ ನೀರಲ್ಲಿ ಅಮೋನಿಯಾ, ನೈಟ್ರೇಟ್, ಒಟ್ಟು ರಂಜಕ ಮೂರರ ತಿಂಗಳವಾರು ರಿಪೋರ್ಟ್ ಕೇಳಿ, ಕೊಡ್ದಿದ್ರೆ ಆರ್‌ಟಿಐ ಹಾಕಿ. ಅಮೋನಿಯಾ ಕಡಿಮೆ, ನೈಟ್ರೇಟ್ ಜಾಸ್ತಿ ಇದ್ರೆ ಅರ್ಧ ದಾರೀಲಿದ್ದಾರೆ ಅಂತ. ಸ್ಯಾಂಪಲ್ ಎಷ್ಟು ಗಂಟೆಗೆ ತೆಗೆದ್ರು ಅಂತಾನೂ ಕೇಳಿ, ಎಲ್ಲರೂ ಸ್ನಾನ, ಶೌಚ ಮಾಡೋ ಬೆಳಗಿನ ಹೊತ್ತಿನ ಲೋಡ್ ಪ್ಲಾಂಟ್ ಮುಟ್ಟೋ ಮುಂಚೆ ತೆಗೆದ ಸ್ಯಾಂಪಲ್ ಯಾವಾಗ್ಲೂ ಚೆನ್ನಾಗೇ ಬರುತ್ತೆ.

ಅಪ್‌ಗ್ರೇಡ್ ಆದ್ಮೇಲೆ ವಾಸನೆ ಹೋಗುತ್ತಾ?

ಸರಿಯಾಗಿ ಗಾಳಿ ಆಡೋ ಟ್ಯಾಂಕಿಂದ ಬರೋದು ಮಳೆ ಬಿದ್ದ ಮಣ್ಣಿನ ಥರದ ವಾಸನೆ ಅಷ್ಟೆ. ಮೂಗು ಮುಚ್ಚೋ ವಾಸನೆ ಬರೋದು ಹಸಿ ಕೊಳಚೆ ಬಂದು ಬೀಳೋ ವೆಟ್‌ವೆಲ್ಲಿಂದ, ಹೂಳು ರಾಶಿ ಹಾಕಿರೋ ಕಡೆಯಿಂದ. ಅವೆರಡಕ್ಕೂ ಮುಚ್ಚಿಗೆ ಹಾಕೋದು ಟೆಂಡರಲ್ಲಿ ಬರೆದಿದ್ದಾರಾ ನೋಡಿ.